ನೆರೆಮನೆಯ ಸಿ.ಡಿ. ನಮ್ಮ ಮನೆಯಲ್ಲೂ ಓಡಬೇಕು

(2025ರ ಆಗಸ್ಟ್‌ನ ಒಂದು ಭಾನುವಾರ ಚಿಕ್ಕಮಗಳೂರಿನ ಓದುಗರ ಕೂಟವೊಂದರಲ್ಲಿ ಆಡಿದ ಮಾತು. ತಗಡಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿದ್ದುದರಿಂದ ಹಿಂದಿನ ಸಾಲಿನವರಿಗೆ ಅರ್ಧವೂ ಕೇಳಿಸಲಿಲ್ಲ ಎಂಬ ದೂರು ಬಂತು. ಹಾಗಾಗಿ ಬರೆದು ಕೊಡುತ್ತಿದ್ದೇನೆ. ಅಂದು ಮರೆತದ್ದು ಕೆಲವು ಇಲ್ಲಿ ಸೇರಿಕೊಂಡಿವೆ.)

ಎಲ್ಲರಿಗೂ ನಮಸ್ಕಾರ.

ಮಾತನಾಡಲು ಕರೆದವರು ವಿಷಯ ಯಾವುದು ಎಂದು ಕೇಳಿದಾಗ, ಸಿ.ಡಿ. ಅಂಗಡಿಯವನಿಗೆ ಸಿ.ಡಿ. ಬಿಟ್ಟು ಬೇರೇನು ಗೊತ್ತಿರುತ್ತದೆ ಎಂದೆ. ಮಹಾತ್ಮ ಗಾಂಧಿ ರಸ್ತೆಯಿಂದ ಒಳಗೆ ತಿರುಗುವ ಒಂದು ಓಣಿಯಲ್ಲಿ 1986ರಿಂದ 2011ರವರೆಗೆ ವಿಡಿಯೋ ಲೈಬ್ರರಿ ನಡೆಸಿದವನು ನಾನು. ನಿಮ್ಮಲ್ಲಿ ಅರ್ಧ ಜನ ನನ್ನ ಹಳೆಯ ಗಿರಾಕಿಗಳು. ಮೂರನೇ ಸಾಲಿನಲ್ಲಿ ಕುಳಿತಿರುವ ಒಬ್ಬರಿಂದ 2003ರಲ್ಲಿ ಒಯ್ದ ಎರಡು ಸಿ.ಡಿ. ಇನ್ನೂ ವಾಪಸು ಬರಬೇಕು. ಹೆಸರು ಹೇಳುವುದಿಲ್ಲ, ಅವರೇ ತಲೆ ತಗ್ಗಿಸಿದ್ದಾರೆ.

ಮೇಜಿನ ಮೇಲೆ ನಾಲ್ಕು ಡಿಸ್ಕ್‌ಗಳನ್ನೂ ಒಂದು ಯಂತ್ರವನ್ನೂ ಇಟ್ಟಿದ್ದೇನೆ. ಪಠ್ಯಪುಸ್ತಕದವರು ಇವನ್ನು ಅಡಕ ಮುದ್ರಿಕೆ ಎಂದು ಕರೆದರು. ಇಪ್ಪತ್ತೈದು ವರ್ಷದಲ್ಲಿ ಒಬ್ಬ ಗಿರಾಕಿಯೂ ನನ್ನ ಅಂಗಡಿಗೆ ಬಂದು ಅಡಕ ಮುದ್ರಿಕೆ ಕೊಡಿ ಎನ್ನಲಿಲ್ಲ. ಎಲ್ಲವೂ ಸಿ.ಡಿ.ಯೇ. ನಾಲ್ಕನ್ನೂ ಕೈಗೆ ತೆಗೆದುಕೊಂಡು ನೋಡಿ. ಅಡ್ಡಳತೆ 12 ಸೆಂಟಿಮೀಟರ್, ನಡುವೆ ಅದೇ ತೂತು, ಟ್ಯೂಬ್‌ಲೈಟಿಗೆ ಹಿಡಿದರೆ ಅದೇ ಕಾಮನಬಿಲ್ಲು. ಮೊದಲ ಎರಡು ಸಿ.ಡಿ. ಮತ್ತು ಡಿವಿಡಿ. ಡಬ್ಬಿಯ ಬಣ್ಣ ನೋಡಿದರೆ ಮಾತ್ರ ಕೊನೆಯ ಎರಡರ ಗುರುತು ಹತ್ತುತ್ತದೆ: ಕೆಂಪು ಡಬ್ಬಿಯದು ಎಚ್‌ಡಿ ಡಿವಿಡಿ, ನೀಲಿ ಡಬ್ಬಿಯದು ಬ್ಲೂ-ರೇ. ಡಿವಿಡಿಯ ಜಾಗವನ್ನು ಯಾರು ಹಿಡಿಯಬೇಕು ಎಂದು ಈ ಕೆಂಪು ಮತ್ತು ನೀಲಿಯ ನಡುವೆ ಎರಡು ವರ್ಷ ಜಗಳ ನಡೆಯಿತು. ಕೋಟ್ಯಂತರ ಡಾಲರ್ ಸುರಿದರು. ನಮ್ಮ ಊರಿಗೆ ಅದರ ಸದ್ದು ಕೂಡ ಬರಲಿಲ್ಲ. ಏಕೆ ಬರಲಿಲ್ಲ ಎನ್ನುವುದೇ ನನಗೆ ಜಗಳಕ್ಕಿಂತ ಹೆಚ್ಚು ಕುತೂಹಲದ ವಿಷಯ.

ಮೊದಲು ಜಗಳ ಯಾವುದರ ಮೇಲೆ ಎಂದು ತಿಳಿಯಬೇಕು. ಒಂದೇ ಅಳತೆಯ ಹೊಲವನ್ನು ನಾಲ್ಕು ಜನ ನಾಲ್ಕು ಬಗೆಯ ನೇಗಿಲಿನಿಂದ ಉತ್ತಿದ್ದಾರೆ ಎಂದುಕೊಳ್ಳಿ. ಸಿ.ಡಿ.ಯಲ್ಲಿ ಒಂದು ಸಾಲಿಗೂ ಮುಂದಿನ ಸಾಲಿಗೂ 1.6 ಮೈಕ್ರೋಮೀಟರ್ ಅಂತರ. ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಡಿವಿಡಿಯಲ್ಲಿ ಆ ಅಂತರ 0.74ಕ್ಕೆ ಇಳಿಯಿತು, ಎಚ್‌ಡಿ ಡಿವಿಡಿಯಲ್ಲಿ 0.4ಕ್ಕೆ, ಬ್ಲೂ-ರೇಯಲ್ಲಿ 0.32ಕ್ಕೆ. ಸಾಲುಗಳು ಒತ್ತೊತ್ತಾದಷ್ಟೂ ಅದೇ ಹೊಲದಲ್ಲಿ ಹೆಚ್ಚು ಬೆಳೆ. ಆದರೆ ಅಷ್ಟು ಸಪೂರವಾದ ಸಾಲನ್ನು ಓದಲು ಬೆಳಕಿನ ಮೊನೆಯೂ ಸಪೂರವಾಗಬೇಕು. ಸಿ.ಡಿ. ಓದುವ ಲೇಸರ್ ಕಣ್ಣಿಗೆ ಕಾಣದ 780 ನ್ಯಾನೋಮೀಟರಿನದು. ಡಿವಿಡಿಯದು ಕೆಂಪು, 650. ಕೊನೆಯ ಎರಡಕ್ಕೂ 405 ನ್ಯಾನೋಮೀಟರಿನ ನೀಲಿ-ನೇರಳೆ ಬೆಳಕು ಬೇಕಾಯಿತು. ನೀಲಿ ಬೆಳಕನ್ನು ಒಂದು ಚೂರು ಅರೆವಾಹಕದಿಂದ ಹೊರಡಿಸುವುದು ದಶಕಗಳ ಕಾಲ ಕೈಗೂಡದ ಕೆಲಸವಾಗಿತ್ತು. ಅದನ್ನು ಸಾಧಿಸಿ ನೀಲಿ ಎಲ್‌ಇಡಿ ಮಾಡಿದ ಅಕಸಾಕಿ, ಅಮಾನೊ, ನಕಮುರ ಮೂವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು.

ಹಾಗಾದರೆ ಕೆಂಪು ಡಬ್ಬಿಗೂ ನೀಲಿ ಡಬ್ಬಿಗೂ ವ್ಯತ್ಯಾಸ ಎಲ್ಲಿ? ಸಾಲುಗಳ ಮೇಲೆ ಹೊದಿಸಿರುವ ಪ್ಲಾಸ್ಟಿಕ್ಕಿನ ದಪ್ಪದಲ್ಲಿ. ಡಿವಿಡಿಯಲ್ಲಿ ಆ ಹೊದಿಕೆ 0.6 ಮಿಲಿಮೀಟರ್. ಎಚ್‌ಡಿ ಡಿವಿಡಿಯವರು ಅದನ್ನೇ ಇಟ್ಟುಕೊಂಡರು. ಬ್ಲೂ-ರೇಯವರು 0.1 ಮಿಲಿಮೀಟರಿಗೆ ಇಳಿಸಿದರು. ಇಳಿಸಿದ್ದರಿಂದ ಒಂದು ಪದರದಲ್ಲಿ 25 ಗಿಗಾಬೈಟ್ ಹಿಡಿಸಿತು, ಕೆಂಪು ಡಬ್ಬಿಯವರಿಗೆ 15. ಆದರೆ ಹೊದಿಕೆ ಅಷ್ಟು ತೆಳುವಾದಾಗ ಗೀರು ಬೀಳುವ ಭಯ, ಅದಕ್ಕೆಂದೇ ಗಟ್ಟಿ ಲೇಪ ಕಂಡುಹಿಡಿಯಬೇಕಾಯಿತು. ಕಾರ್ಖಾನೆಯ ಯಂತ್ರಗಳನ್ನೂ ಹೊಸದಾಗಿ ಹಾಕಬೇಕಾಯಿತು. ಕೆಂಪು ಡಬ್ಬಿಯವರು ಡಿವಿಡಿ ಅಚ್ಚು ಹಾಕುತ್ತಿದ್ದ ಹಳೆಯ ಯಂತ್ರವನ್ನೇ ಸ್ವಲ್ಪ ತಿದ್ದಿಕೊಂಡರೆ ಸಾಕಿತ್ತು.

ತೋಟ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ, ಈಗಿರುವ ಪಲ್ಪರ್‌ನಲ್ಲೇ ಸಾಗುವ ಹೊಸ ತಳಿ ಒಂದು, ಪಲ್ಪರ್ ಮನೆಯನ್ನೇ ಕೆಡವಿ ಕಟ್ಟಬೇಕಾದ ಹೊಸ ತಳಿ ಇನ್ನೊಂದು. ಫಸಲು ಎರಡನೆಯದರಲ್ಲಿ ಹೆಚ್ಚು. ಕಾಫಿ ಕುಡಿಯುವವನಿಗೆ ಇದರಲ್ಲಿ ಏನು ಬಿತ್ತು? ಮಾಡುವವರ ಮನೆಯೊಳಗಿನ ಲೆಕ್ಕಾಚಾರವನ್ನು ನೋಡುವವರ ತಲೆಗೆ ಕಟ್ಟಿದ ಜಗಳ ಅದು ಎಂದು ನನ್ನ ಅಭಿಪ್ರಾಯ.

2006ರ ಮಾರ್ಚ್ ಕೊನೆಗೆ ಜಪಾನಿನಲ್ಲಿ, ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ತೋಷಿಬಾ ತನ್ನ ಎಚ್‌ಡಿ ಡಿವಿಡಿ ಯಂತ್ರವನ್ನು ಮಾರಾಟಕ್ಕಿಟ್ಟಿತು. ಅಮೆರಿಕದ ಬೆಲೆ 499 ಡಾಲರಿನಿಂದ ಶುರು. ಜೂನ್‌ನಲ್ಲಿ ಸ್ಯಾಮ್‌ಸಂಗ್‌ನ ಬ್ಲೂ-ರೇ ಯಂತ್ರ ಬಂತು, 999 ಡಾಲರ್. ಸಿನಿಮಾ ಕಂಪನಿಗಳು ಎರಡು ಪಂಗಡವಾದವು. ಯೂನಿವರ್ಸಲ್‌ನವರು ಕೆಂಪು ಡಬ್ಬಿಗೆ ಮಾತ್ರ, ಸೋನಿ, ಡಿಸ್ನಿ, ಫಾಕ್ಸ್ ನೀಲಿಗೆ ಮಾತ್ರ, ವಾರ್ನರ್ ಎರಡಕ್ಕೂ. ಪ್ಯಾರಾಮೌಂಟ್ ಎರಡೂ ಕಡೆ ಇದ್ದು, 2007ರ ಆಗಸ್ಟ್‌ನಲ್ಲಿ ಕೆಂಪಿಗೆ ವಾಲಿತು. ಊರಿನಲ್ಲಿ ಎರಡು ಚಿತ್ರಮಂದಿರಗಳಿದ್ದು, ಒಂದರ ಟಿಕೆಟ್ ಕೊಂಡವನು ಜನ್ಮದಲ್ಲಿ ಇನ್ನೊಂದಕ್ಕೆ ಕಾಲಿಡಬಾರದು ಎಂದರೆ ಹೇಗೆ? ಅಲ್ಲಿನ ಜನ ಸುಮ್ಮನೆ ಕೈಕಟ್ಟಿ ನಿಂತರು. ಮನೆಯಲ್ಲಿದ್ದ ಡಿವಿಡಿಗೆ ಏನೂ ಆಗಿರಲಿಲ್ಲವಲ್ಲ.

ತಕ್ಕಡಿ ವಾಲಿದ್ದು ಚಿತ್ರದ ಸ್ಪಷ್ಟತೆಯಿಂದಲ್ಲ. ಕಣ್ಣಿಗೆ ಎರಡೂ ಒಂದೇ ಆಗಿದ್ದವು. ಸೋನಿ 2006ರ ನವೆಂಬರ್‌ನಲ್ಲಿ ಪ್ಲೇಸ್ಟೇಷನ್ 3 ಎಂಬ ಆಟದ ಯಂತ್ರ ತಂದಾಗ ಅದರೊಳಗೇ ಬ್ಲೂ-ರೇ ಇಟ್ಟಿತು. ಹಸು ಕೊಂಡರೆ ಕರುವೂ ಬಂದ ಹಾಗೆ. ಆಟಕ್ಕೆಂದು ಕೊಂಡ ಹುಡುಗನ ಮನೆಗೆ ಕೇಳದೆಯೇ ನೀಲಿ ಡಬ್ಬಿಯ ಯಂತ್ರ ಬಂದು ಕುಳಿತಿತು. ಮೈಕ್ರೋಸಾಫ್ಟ್‌ನವರು ತಮ್ಮ ಆಟದ ಯಂತ್ರಕ್ಕೆ ಎಚ್‌ಡಿ ಡಿವಿಡಿ ಡ್ರೈವನ್ನು 199 ಡಾಲರಿಗೆ ಬೇರೆಯಾಗಿ ಮಾರಿದರು. ಬೇರೆಯಾಗಿ ಕೊಳ್ಳಬೇಕಾದ ಕರುವನ್ನು ಕೊಂಡವರು ಕಡಿಮೆ. ಮಾರಿ ಅಭ್ಯಾಸವಿದ್ದವನಾಗಿ ಹೇಳುತ್ತೇನೆ, ಗಿರಾಕಿ ಎರಡನೇ ಸಲ ಜೇಬಿಗೆ ಕೈ ಹಾಕುವಾಗ ಆ ಕೈ ಬಹಳ ಭಾರವಾಗಿರುತ್ತದೆ.

2008ರ ಜನವರಿ 4ರಂದು ವಾರ್ನರ್, ಇನ್ನು ಮೇಲೆ ಬ್ಲೂ-ರೇ ಮಾತ್ರ ಎಂದು ಘೋಷಿಸಿತು. ಲಾಸ್ ವೇಗಸ್‌ನ ದೊಡ್ಡ ಎಲೆಕ್ಟ್ರಾನಿಕ್ಸ್ ಮೇಳ ಇನ್ನೇನು ಶುರುವಾಗಬೇಕಿತ್ತು. ಕೆಂಪು ಡಬ್ಬಿಯವರು ಅಲ್ಲಿ ಇಟ್ಟುಕೊಂಡಿದ್ದ ಪತ್ರಿಕಾಗೋಷ್ಠಿಯನ್ನೇ ರದ್ದು ಮಾಡಿದರು. ಫೆಬ್ರುವರಿಯಲ್ಲಿ ಒಂದೇ ವಾರದೊಳಗೆ ನೆಟ್‌ಫ್ಲಿಕ್ಸ್, ಬೆಸ್ಟ್ ಬೈ, ವಾಲ್‌ಮಾರ್ಟ್ ಅಂಗಡಿಗಳು ಕೆಂಪು ಡಬ್ಬಿಯನ್ನು ಕೈಬಿಟ್ಟವು. ನೆಟ್‌ಫ್ಲಿಕ್ಸ್ ಆಗ ಮುಖ್ಯವಾಗಿ ಅಂಚೆಯಲ್ಲಿ ಡಿಸ್ಕ್ ಬಾಡಿಗೆಗೆ ಕಳಿಸುತ್ತಿದ್ದ ಕಂಪನಿ. ಒಂದು ರೀತಿಯಲ್ಲಿ ನನ್ನ ದಾಯಾದಿ. 19ರಂದು ತೋಷಿಬಾ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಎರಡು ವರ್ಷ ಎಳೆದಾಡಿದ್ದು ವಾರ್ನರ್ ಹೊರಳಿದ ಮೇಲೆ 46 ದಿನದಲ್ಲಿ ಮುಗಿಯಿತು.

ಈಗ ಮೇಜಿನ ಮೇಲಿರುವ ಈ ಎಚ್‌ಡಿ ಡಿವಿಡಿ ಯಂತ್ರದ ಕಥೆ. ಇದು ನನ್ನ ಅಕ್ಕನ ಮಗನದು. ಆಗ ಅಮೆರಿಕದಲ್ಲಿದ್ದ. 2007ರ ನವೆಂಬರ್‌ನಲ್ಲಿ ಅಲ್ಲಿನ ಒಂದು ಅಂಗಡಿ ಇದನ್ನು ನೂರು ಡಾಲರಿಗೂ ಕಡಿಮೆಗೆ ಕೊಡುತ್ತಿದೆ ಎಂದು ತಿಳಿದು, ಬೆಳಗಿನ ಜಾವ ಸರದಿಯಲ್ಲಿ ನಿಂತು ತಂದನಂತೆ. "ಮಾವ, ಇನ್ನು ಹತ್ತು ವರ್ಷ ಇದೇ ನೋಡಿ" ಎಂದು ಫೋನಿನಲ್ಲಿ ಹೇಳಿದ್ದ. ಮೂರು ತಿಂಗಳಿಗೆ ಮುಗಿಯಿತು. ಊರಿಗೆ ಬರುವಾಗ ಎಸೆಯಲು ಮನಸ್ಸಾಗದೆ ನನಗೆ ತಂದುಕೊಟ್ಟ. ಅದು 110 ವೋಲ್ಟಿನ ಯಂತ್ರ. ನಾನು ನೇರವಾಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಲು ಹೊರಟವನು. ಮಗಳು ಹಿಂಬದಿಯ ಚೀಟಿ ಓದಿ ಕೈ ಹಿಡಿದಳು. ಇದಕ್ಕೆಂದೇ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದೆ, ಇಟ್ಟಿಗೆಯಷ್ಟು ಭಾರ, ಜೇನುಗೂಡಿನ ಹಾಗೆ ಗುಂಯ್‌ಗುಡುತ್ತದೆ. ಆಮೇಲೆ ಇಲ್ಲಿನ ಅಂಗಡಿಯಲ್ಲಿ ಕೊಂಡ ಇಂಗ್ಲಿಷ್ ಸಿನಿಮಾದ ಡಿವಿಡಿ ಹಾಕಿದರೆ ಮುಖ ತಿರುಗಿಸಿತು. ಡಿವಿಡಿಗೆ ಪ್ರದೇಶ ಸಂಖ್ಯೆ ಎಂದು ಮಾಡಿದ್ದಾರೆ, ಅಮೆರಿಕ 1, ಭಾರತ 5. ಹಾಗೆ ನೋಡಿದರೆ ಎಚ್‌ಡಿ ಡಿವಿಡಿಗೆ ಆ ಬೇಲಿ ಹಾಕಿರಲಿಲ್ಲ, ಯಾವ ದೇಶದ್ದಾದರೂ ಓಡುತ್ತಿತ್ತು. ಬೇಲಿ ಇಲ್ಲದ ಡಿಸ್ಕಿಗೆ ನಮ್ಮಲ್ಲಿ ಅಂಗಡಿಯೇ ಇರಲಿಲ್ಲ, ಅಷ್ಟೇ.

ಅವನು ಮೋಸ ಹೋದ ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ. ನನಗೆ ಹಾಗನ್ನಿಸುವುದಿಲ್ಲ. ಇಂಥದ್ದೇ ಇನ್ನೊಂದನ್ನು ನಾನು ಅಂಗಡಿ ತೆರೆದ ಹೊಸದರಲ್ಲೇ ನೋಡಿದ್ದೆ.

ಆಲ್ದೂರು ಕಡೆಯ ಒಬ್ಬ ಸಾಹುಕಾರರು. ಅವರ ತಮ್ಮ ಗಲ್ಫಿನಿಂದ ಒಂದು ವಿಡಿಯೋ ಯಂತ್ರ ತಂದಿದ್ದರು. ಜೀಪಿನಲ್ಲಿ ಬಂದು ನಾಲ್ಕು ಕ್ಯಾಸೆಟ್ ಒಯ್ದವರು ಅದೇ ಸಂಜೆ ವಾಪಸು ಬಂದರು. ಕ್ಯಾಸೆಟ್ ಒಳಗೆ ಹೋಗುತ್ತಿಲ್ಲ, ನಿಮ್ಮ ಮಾಲು ದೊಡ್ಡದಾಗಿದೆ ಎಂದು ಸಿಟ್ಟು. ಯಂತ್ರ ತರಿಸಿ ನೋಡಿದೆ: ಬೀಟಾಮ್ಯಾಕ್ಸ್. ನನ್ನಲ್ಲಿದ್ದದ್ದೆಲ್ಲ ವಿಎಚ್‌ಎಸ್. ಸೋನಿ ಬೀಟಾಮ್ಯಾಕ್ಸನ್ನು 1975ರಲ್ಲಿ ತಂದಿತ್ತು, ಜೆವಿಸಿಯ ವಿಎಚ್‌ಎಸ್ ಬಂದದ್ದು ಮರುವರ್ಷ. ಮೊದಲ ಬೀಟಾ ಕ್ಯಾಸೆಟ್ಟಿನಲ್ಲಿ ಒಂದು ಗಂಟೆ ಹಿಡಿಯುತ್ತಿತ್ತು, ವಿಎಚ್‌ಎಸ್‌ನಲ್ಲಿ ಎರಡು. ನಮ್ಮಲ್ಲಿಗೆ ಬರುವ ಹೊತ್ತಿಗೆ ಮೂರು ಗಂಟೆಯ ವಿಎಚ್‌ಎಸ್ ಕ್ಯಾಸೆಟ್ ಸಾಮಾನ್ಯವಾಗಿತ್ತು; ಹಾಡು, ಹೊಡೆದಾಟ ಎಲ್ಲ ಸೇರಿದ ಪೂರ್ತಿ ಸಿನಿಮಾ ಒಂದರಲ್ಲೇ ಮುಗಿಯುತ್ತಿತ್ತು. ಸಾಹುಕಾರರ ಯಂತ್ರದಲ್ಲಿ ಚಿತ್ರ ಚೆನ್ನಾಗಿ ಬರುತ್ತಿತ್ತು, ನಾನೇ ನೋಡಿದ್ದೇನೆ, ಅವರ ತಮ್ಮ ತಂದಿದ್ದ ಎರಡೇ ಎರಡು ಕ್ಯಾಸೆಟ್ಟಿನಲ್ಲಿ. ಆ ಎರಡನ್ನೂ ಎಷ್ಟು ಸಲ ನೋಡಲು ಸಾಧ್ಯ? ವರ್ಷ ಕಳೆಯುವಷ್ಟರಲ್ಲಿ ಯಂತ್ರದ ಮೇಲೆ ಕ್ರೋಷಾ ಹಾಕಿದ ಬಟ್ಟೆ, ಬಟ್ಟೆಯ ಮೇಲೆ ಹೂದಾನಿ.

ಅಂದು ನನಗೆ ಹೊಳೆದದ್ದನ್ನೇ ಇವತ್ತು ಹೇಳಲು ಬಂದಿದ್ದೇನೆ. ಜನ ಯಂತ್ರ ಕೊಳ್ಳುವಾಗ ತಾವು ಒಂದು ಪೆಟ್ಟಿಗೆ ಕೊಳ್ಳುತ್ತಿದ್ದೇವೆ ಎಂದುಕೊಳ್ಳುತ್ತಾರೆ. ನಿಜಕ್ಕೂ ಕೊಳ್ಳುವುದು ಎರವಲು ತರುವ ಹಕ್ಕನ್ನು. ಪಕ್ಕದ ಮನೆಯಲ್ಲಿರುವುದು ನಮ್ಮಲ್ಲಿ ಓಡುತ್ತದೆಯೇ, ಭಾವನ ಮನೆಯಿಂದ ತಂದದ್ದು ಓಡುತ್ತದೆಯೇ, ಓಣಿಯ ಅಂಗಡಿಯಲ್ಲಿ ಸಿಗುತ್ತದೆಯೇ? ಹೌದು ಎಂದಾದರೆ ಚಿತ್ರ ಸ್ವಲ್ಪ ಮಂಜಾಗಿದ್ದರೂ ನಡೆಯುತ್ತದೆ.

ಇದಕ್ಕೆ ವಿಸಿಡಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ನನ್ನ ಅನ್ನದ ಋಣ ಅದು.

ವಿಡಿಯೋ ಸಿ.ಡಿ.ಯ ನಿಯಮಗಳನ್ನು ಫಿಲಿಪ್ಸ್, ಸೋನಿ, ಮತ್ಸುಶಿತ, ಜೆವಿಸಿ ಸೇರಿ 1993ರಲ್ಲಿ ಗೊತ್ತುಮಾಡಿದರು. ಅದೇ ವರ್ಷ ಚೀನಾದ ಹೆಫೆ ನಗರದ ವಾನ್‌ಯಾನ್ ಎಂಬ ಕಂಪನಿ ವಿಸಿಡಿ ಯಂತ್ರ ಮಾಡಿತು. ಸಾಮಾನ್ಯ ಸಿ.ಡಿ.ಯಲ್ಲೇ 74 ನಿಮಿಷದ ಚಲನಚಿತ್ರ ತುಂಬುವ ಉಪಾಯ. ಚಿತ್ರ ಅಗಲಕ್ಕೆ 352, ಎತ್ತರಕ್ಕೆ 288 ಚುಕ್ಕೆಗಳಷ್ಟೇ. ಮಳೆಯ ದೃಶ್ಯ ಬಂದರೆ ಪರದೆಯೆಲ್ಲ ಚೌಕುಳಿ ಚೌಕುಳಿ. ಅಮೆರಿಕದವರೂ ಜಪಾನಿನವರೂ ಇದನ್ನು ಮೂಸಿಯೂ ನೋಡಲಿಲ್ಲ. ಚೀನಾ, ಆಗ್ನೇಯ ಏಷ್ಯಾ, ಭಾರತ ಅಪ್ಪಿಕೊಂಡವು.

ನಾವು ಏಕೆ ಅಪ್ಪಿಕೊಂಡೆವು ಎಂಬುದಕ್ಕೆ ನನ್ನ ಅಂಗಡಿಯ ಹಿಂದಿನ ಕೋಣೆಯನ್ನು ನೀವು ನೋಡಿರಬೇಕಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಕ್ಯಾಸೆಟ್ ಬದುಕುವುದು ಎಂದರೆ ಬಾಣಂತನ. ಕಪಾಟಿನ ಒಳಗೆ 60 ವಾಟಿನ ಬಲ್ಬ್ ಹಗಲು ರಾತ್ರಿ ಉರಿಯಬೇಕು. ಆದರೂ ಟೇಪಿನ ಅಂಚಿನಲ್ಲಿ ಬೂದಿ ಎರಚಿದ ಹಾಗೆ ಬೂಷ್ಟು. ಆ ಕ್ಯಾಸೆಟ್ ಒಮ್ಮೆ ಓಡಿಸಿದರೆ ವಿಸಿಪಿ ಎಂಬ ಕ್ಯಾಸೆಟ್ ಯಂತ್ರದ ಟೇಪ್ ಓದುವ ಹೆಡ್ಡಿಗೆ ಬೂಷ್ಟು ಮೆತ್ತಿಕೊಂಡು, ಮುಂದೆ ಹಾಕಿದ ಒಳ್ಳೆಯ ಕ್ಯಾಸೆಟ್ಟಿಗೂ ಅಂಟುತ್ತಿತ್ತು. ಸಂಜೆ ಅಂಗಡಿ ಮುಚ್ಚಿದ ಮೇಲೆ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಹೆಡ್ ಒರೆಸುವುದೇ ನನ್ನ ಸಂಧ್ಯಾವಂದನೆ. ಸಿ.ಡಿ. ಬಂದ ಮೇಲೆ ಬಲ್ಬ್ ಆರಿಸಿದೆ. ಬೂಷ್ಟು ಬಂದರೆ ನಲ್ಲಿಯ ಕೆಳಗೆ ತೊಳೆದು ಒಣಗಿಸಿದರಾಯಿತು, ಊಟದ ತಟ್ಟೆಯ ಹಾಗೆ.

ಚೀನಾದಿಂದ ಬಂದ ಅಗ್ಗದ ವಿಸಿಡಿ ಯಂತ್ರಗಳಿಗೆ ಇನ್ನೊಂದು ಗುಣವಿತ್ತು. ಅವಕ್ಕೆ ಮಾನ ಮರ್ಯಾದೆ ಇರಲಿಲ್ಲ. ಎಂಥ ಗೀರುಬಿದ್ದ ಡಿಸ್ಕನ್ನೂ ಕರಕರ ಎನ್ನುತ್ತ ನುಂಗುತ್ತಿದ್ದವು. ಒಳ್ಳೆಯ ಕಂಪನಿಯ ದುಬಾರಿ ಯಂತ್ರ ಅದೇ ಡಿಸ್ಕನ್ನು ಹೊರಗೆ ಉಗುಳಿ 'ನೋ ಡಿಸ್ಕ್' ಎನ್ನುತ್ತಿತ್ತು. ತೋಟದ ಕೆಲಸಗಾರರ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ಒಂದು ಸಿ.ಡಿ. ಶನಿವಾರ ಸಂಜೆ ಮೊದಲ ಮನೆಗೆ ಹೋದರೆ, ಸೋಮವಾರ ಬೆಳಿಗ್ಗೆ ಹತ್ತನೇ ಮನೆಯಿಂದ ಹೊರಬರುತ್ತಿತ್ತು. ಬಾಡಿಗೆ ಕಟ್ಟಿದವರು ಒಬ್ಬರು, ನೋಡಿದವರು ಹತ್ತು ಮನೆಯವರು. ಲುಂಗಿಯ ತುದಿಯಿಂದ ಒರೆಸಿ, ಊದಿ, ಮತ್ತೆ ಹಾಕಿ ನೋಡುವುದು. ಹಲ್ಲುಜ್ಜುವ ಪೇಸ್ಟ್ ತಿಕ್ಕಿದವರೂ ಇದ್ದರು. ಪ್ರದೇಶ ಸಂಖ್ಯೆ ಇಲ್ಲ, ನಕಲು ತಡೆಯುವ ಬೀಗ ಇಲ್ಲ. ಕಳ್ಳ ಸಿ.ಡಿ.ಗಳು ಹುಟ್ಟಿದ್ದೂ ಆ ಬಾಗಿಲಿನಿಂದಲೇ ಎಂಬುದನ್ನು ಮುಚ್ಚಿಡುವುದಿಲ್ಲ. ಅದರಿಂದ ಸಿನಿಮಾದವರಿಗೂ ನಷ್ಟವಾಯಿತು, ನ್ಯಾಯವಾಗಿ ಕೊಂಡು ತಂದ ನನ್ನಂಥವರಿಗೂ ಆಯಿತು.

74 ನಿಮಿಷ ಎಂಬುದು ದೊಡ್ಡ ಕೊರತೆ ಎಂದು ಬೇರೆ ದೇಶದವರು ಬರೆದದ್ದನ್ನು ಓದಿದ್ದೇನೆ. ಅವರ ಸಿನಿಮಾಗಳಿಗೆ ಮಧ್ಯಂತರ ಇರುವುದಿಲ್ಲವಲ್ಲ! ನಮ್ಮಲ್ಲಿ ಮೊದಲ ಸಿ.ಡಿ. ಮುಗಿದರೆ ಅದೇ ಮಧ್ಯಂತರ. ಹೆಂಗಸರು ಎದ್ದು ಒಲೆಯ ಮೇಲಿನ ಅನ್ನ ನೋಡಿ ಬರುತ್ತಿದ್ದರು, ಗಂಡಸರು ಬೀಡಿ ಹಚ್ಚುತ್ತಿದ್ದರು. ತೊಂದರೆ ಒಂದೇ. ವಾಪಸು ಕೊಡುವಾಗ ಈ ಸಿನಿಮಾದ ಮೊದಲ ಭಾಗದ ಜೊತೆ ಆ ಸಿನಿಮಾದ ಎರಡನೇ ಭಾಗ ಸೇರಿಕೊಳ್ಳುತ್ತಿತ್ತು. ಒಬ್ಬ ಅಜ್ಜಿ, ಅಣ್ಣ ತಂಗಿಯರ ಕಥೆ ಶುರುವಾಗಿ ಪೊಲೀಸ್ ಕಥೆಯಾಗಿ ಮುಗಿದದ್ದನ್ನು ಏನೂ ಅನುಮಾನವಿಲ್ಲದೆ ನೋಡಿ, ಚೆನ್ನಾಗಿದೆ, ತಂಗಿ ಏನಾದಳು ಎಂದು ಮಾತ್ರ ತಿಳಿಯಲಿಲ್ಲ ಎಂದು ಹೇಳಿ ಕಳಿಸಿದ್ದರು.

ಡಿವಿಡಿ ಇದಕ್ಕಿಂತ ಎಷ್ಟೋ ಮೇಲು. ಅಲ್ಲೂ ಮೊದಲು ಎರಡು ಪಂಗಡಗಳಿದ್ದವು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಸೋನಿ ಮತ್ತು ಫಿಲಿಪ್ಸ್‌ನವರದು ಒಂದು, ತೋಷಿಬಾ ಮತ್ತು ಟೈಮ್ ವಾರ್ನರ್‌ನವರದು ಇನ್ನೊಂದು. ಐಬಿಎಂ ಮೊದಲಾದ ಕಂಪ್ಯೂಟರ್ ಕಂಪನಿಗಳು, ನೀವು ಒಂದಾಗದೆ ಇದ್ದರೆ ನಾವು ಎರಡನ್ನೂ ಮುಟ್ಟುವುದಿಲ್ಲ ಎಂದು ಪಟ್ಟು ಹಿಡಿದದ್ದರಿಂದ 1995ರಲ್ಲಿ ರಾಜಿಯಾಯಿತು. ತೋಷಿಬಾದವರ ಡಿಸ್ಕಿನಲ್ಲಿ 5 ಗಿಗಾಬೈಟ್ ಹಿಡಿಯುತ್ತಿತ್ತು. ಗೀರು ಬಿದ್ದರೂ ಓದಿಸಿಕೊಳ್ಳಲಿ ಎಂದು ಇನ್ನೊಂದು ಪಕ್ಷದ ಸಂಕೇತ ವಿಧಾನವನ್ನು ಅದಕ್ಕೆ ಬೆಸೆದಾಗ 4.7ಕ್ಕೆ ಇಳಿಯಿತು. ಪಾಲು ಪಂಚಾಯಿತಿಯಲ್ಲಿ ಒಂದೆರಡು ಗುಂಟೆ ರಸ್ತೆಗೆ ಹೋದ ಹಾಗೆ. ಆದರೆ ರಸ್ತೆಯಾಯಿತು. ಮರುವರ್ಷ ನವೆಂಬರ್‌ನಲ್ಲಿ ಜಪಾನಿನಲ್ಲಿ ಡಿವಿಡಿ ಮಾರಾಟಕ್ಕೆ ಬಂತು, ಹತ್ತು ವರ್ಷ ಅದಕ್ಕೆ ಎದುರಿರಲಿಲ್ಲ. ನಮ್ಮಲ್ಲಿ ಅದು ನೆಲೆಯೂರಿದ್ದಕ್ಕೆ ಮುಖ್ಯ ಕಾರಣ, ಡಿವಿಡಿ ಯಂತ್ರದಲ್ಲಿ ಹಳೆಯ ವಿಸಿಡಿಯೂ ಓಡುತ್ತಿತ್ತು. ಹೊಸ ಸೊಸೆ ಬಂದರೂ ಹಳೆಯ ಅತ್ತೆಗೆ ಮನೆಯಲ್ಲಿ ಜಾಗವಿತ್ತು.

ಅಮೆರಿಕದಲ್ಲಿ 1998ರಲ್ಲಿ ಡಿವ್‌ಎಕ್ಸ್ ಎಂಬ ಒಂದು ಡಿಸ್ಕ್ ಬಂದಿತ್ತು. ಸರ್ಕಿಟ್ ಸಿಟಿ ಎಂಬ ಅಂಗಡಿ ಸಮೂಹದವರದು. ನಾಲ್ಕೂವರೆ ಡಾಲರ್ ಕೊಟ್ಟು ತಂದರೆ ಮೊದಲ ಸಲ ಹಾಕಿದ 48 ಗಂಟೆಯವರೆಗೆ ನೋಡಬಹುದು, ಆಮೇಲೆ ನೋಡಬೇಕಾದರೆ ಮತ್ತೆ ಹಣ. ಲೆಕ್ಕ ಇಡಲು ಯಂತ್ರ ದೂರವಾಣಿ ತಂತಿಯ ಮೂಲಕ ಕಂಪನಿಗೆ ಫೋನ್ ಮಾಡುತ್ತಿತ್ತು. ನಿಮ್ಮ ಡಿಸ್ಕನ್ನು ಪಕ್ಕದ ಮನೆಯವರು ಹಾಕಿದರೆ ಅವರೂ ಹೊಸದಾಗಿ ಹಣ ಕೊಡಬೇಕು. ಅಂದರೆ ಎರವಲನ್ನೇ ಅಪರಾಧ ಮಾಡಿದ ಡಿಸ್ಕ್. ಸುಮಾರು ಒಂದು ವರ್ಷಕ್ಕೆ, 1999ರ ಜೂನ್‌ನಲ್ಲಿ, ಮುಚ್ಚಿಕೊಂಡು ಹೋಯಿತು. ನಮ್ಮಲ್ಲಾದರೆ ಜೂನ್‌ವರೆಗೂ ಬೇಕಿರಲಿಲ್ಲ. ಮೊದಲ ಮಳೆಗೇ ದೂರವಾಣಿ ಸತ್ತಿರುತ್ತಿತ್ತು.

ಕಾಯುವವರನ್ನು ದಡ್ಡರು ಎನ್ನುವ ಚಾಳಿ ಯಂತ್ರ ಮಾರುವವರಿಗಿದೆ. ಅಮೆರಿಕದ ಎವರೆಟ್ ರೋಜರ್ಸ್ ಎಂಬ ಸಮಾಜವಿಜ್ಞಾನಿ 1962ರಲ್ಲಿ ಹೊಸತನ್ನು ಒಪ್ಪಿಕೊಳ್ಳುವವರನ್ನು ಐದು ಗುಂಪು ಮಾಡಿದ. ಎಲ್ಲರಿಗಿಂತ ಮೊದಲು ನುಗ್ಗುವವರು ಶೇಕಡ 2.5, ಅವರ ಹಿಂದೆ 13.5, ಆಮೇಲೆ 34, ಮತ್ತೆ 34, ಕೊನೆಯ 16 ಮಂದಿ ಹಿಂದುಳಿದವರು. ಈ ವಿಚಾರದ ಬೇರು ಇರುವುದು ಹೊಲದಲ್ಲಿ. ಅಯೋವಾ ರಾಜ್ಯದ 259 ರೈತರು ಹೈಬ್ರಿಡ್ ಮೆಕ್ಕೆಜೋಳವನ್ನು ಹೇಗೆ ಒಪ್ಪಿಕೊಂಡರು ಎಂದು ರಯಾನ್ ಮತ್ತು ಗ್ರಾಸ್ ಎಂಬಿಬ್ಬರು ವಿಚಾರಿಸಿ 1943ರಲ್ಲಿ ಪ್ರಕಟಿಸಿದ್ದರು. ಬೀಜದ ಸುದ್ದಿ ತಂದದ್ದು ಹೆಚ್ಚಾಗಿ ಕಂಪನಿಯ ಏಜೆಂಟರು. ಬಿತ್ತುವ ಧೈರ್ಯ ಕೊಟ್ಟದ್ದು ನೆರೆಹೊರೆಯವರು. ಮೊದಲ ವರ್ಷ ಹೊಲದ ಒಂದು ಚೂರಿನಲ್ಲಿ ಮಾತ್ರ ಹಾಕಿ ನೋಡಿದರು. ಕೊನೆಗೆ ಇಬ್ಬರನ್ನು ಬಿಟ್ಟು ಎಲ್ಲರೂ ಒಪ್ಪಿದ್ದರು.

ಅಯೋವಾದವರೆಗೆ ಹೋಗುವುದೇಕೆ? (ಬಾಬಾ ಬುಡನ್ ಏಳು ಬೀಜ ತಂದ ಕಥೆ ಹೇಳುವುದಿಲ್ಲ, ಹೆದರಬೇಡಿ.) ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ನೂರು ವರ್ಷವಾಯಿತು, 1925ರದು. ಅಲ್ಲಿಂದ ಎಸ್. 795 ಎಂಬ ತಳಿ ಬಂತು, ಕಾವೇರಿ ಬಂತು, ಚಂದ್ರಗಿರಿ ಬಂತು. ಗಿಡ ಕಿತ್ತು ಹೊಸದು ಹಾಕಿದರೆ ಮೂರು ನಾಲ್ಕು ವರ್ಷ ಕೈಗೆ ಫಸಲಿಲ್ಲ. ಯಾವ ಬೆಳೆಗಾರ ಇಡೀ ತೋಟವನ್ನು ಒಂದೇ ಮಳೆಗಾಲದಲ್ಲಿ ಬದಲಿಸಿದ್ದಾನೆ? ಒಂದು ಮೂಲೆಯಲ್ಲಿ ಹಾಕಿ, ಪಕ್ಕದವರ ಬೇಲಿಯಾಚೆ ಇಣುಕಿ, ಎಲೆತುಕ್ಕು ಬಂತೇ, ಕಾಂಡಕೊರಕ ಬಂತೇ ಎಂದು ವಿಚಾರಿಸಿ ನಿಧಾನವಾಗಿ ಕಾಲಿಡುತ್ತಾನೆ. ನನ್ನ ಅಂಗಡಿಯ ಬಾಡಿಗೆ ಯಂತ್ರವೂ ಆ ಮೂಲೆಯ ಹಾಗೆಯೇ. ಒಂದು ರಾತ್ರಿಗೆ ಟಿ.ವಿ., ವಿಸಿಪಿ, ಮೂರು ಕ್ಯಾಸೆಟ್ ಒಯ್ದು ಬೆಳಗಿನವರೆಗೆ ನೋಡಿದವರೇ ಮುಂದೆ ಸ್ವಂತ ಯಂತ್ರ ಕೊಂಡದ್ದು.

ಆದರೆ ಕಾಯುವುದಕ್ಕೂ ಬೆಲೆ ಇದೆ. ರೋಜರ್ಸ್ ಬೆಳೆದದ್ದೂ ಅಯೋವಾದ ರೈತನ ಮನೆಯಲ್ಲಿ. ಅವನ ತಂದೆಗೆ ಹೊಸ ಯಂತ್ರವೆಂದರೆ ಆಸೆ, ಹೊಸ ಬೀಜವೆಂದರೆ ಅನುಮಾನ. 1936ರ ಬರದಲ್ಲಿ ನೆರೆಯವರ ಹೈಬ್ರಿಡ್ ಜೋಳ ನಿಂತಿತು, ಇವರದು ಒಣಗಿತು. ಹಾಗಾಗಿ ಕೊನೆಯ 16 ಮಂದಿಯ ಬಗ್ಗೆ ಅವನಿಗೆ ಅಷ್ಟು ಕಟುವಾದ ಹೆಸರು ಹೊಳೆದಿರಬಹುದು ಎಂದು ನನ್ನ ಊಹೆ. ಬೀಜದ ವಿಷಯ ಬೇರೆ, ಡಿಸ್ಕಿನ ವಿಷಯ ಬೇರೆ. 2006ರಿಂದ 2008ರವರೆಗೆ ಕೈಕಟ್ಟಿ ನಿಂತವನಿಗೆ ಯಾವ ಬೆಳೆಯೂ ಒಣಗಲಿಲ್ಲ.

ನನ್ನ ಬೆಳೆ ಒಣಗಿದ್ದು ಬೇರೆ ಕಡೆಯಿಂದ. ಖಾಲಿ ಸಿ.ಡಿ. ತಯಾರಿಸುತ್ತಿದ್ದ ಮೋಸರ್ ಬೇರ್ ಕಂಪನಿ ಸಿನಿಮಾ ಮಾರಲು ಇಳಿದಾಗ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಎಂದು ಬೆಲೆ ಇಟ್ಟಿತು. ನಾನು ದಿನಕ್ಕೆ 10 ರೂಪಾಯಿ ಬಾಡಿಗೆ ಹಾಕುತ್ತಿದ್ದೆ. ಮೂರು ದಿನ ತಡವಾದರೆ ಕೊಂಡದ್ದೇ ಲಾಭ. ಜನ ಕೊಂಡರು, ನಾನು ದೂರುವುದಿಲ್ಲ. ಆ ಕಂಪನಿಯೂ ಉಳಿಯಲಿಲ್ಲ, 2018ರಲ್ಲಿ ಅದನ್ನು ಮುಚ್ಚಿ ಆಸ್ತಿ ವಿಲೇವಾರಿ ಮಾಡಲು ಆದೇಶವಾಯಿತು. ಗೆದ್ದ ಬ್ಲೂ-ರೇ? ಅದು ಗೆದ್ದ ಹೊತ್ತಿಗೆ ನೆಟ್‌ಫ್ಲಿಕ್ಸ್ ಅಂತರ್ಜಾಲದಲ್ಲಿ ಸಿನಿಮಾ ಹರಿಸಲು ಶುರುಮಾಡಿ ವರ್ಷವಾಗಿತ್ತು. ಮನೆಯಲ್ಲಿ ಬರೆದುಕೊಳ್ಳುವ ಖಾಲಿ ಬ್ಲೂ-ರೇ ಡಿಸ್ಕಿನ ತಯಾರಿಕೆಯನ್ನು 2025ರ ಫೆಬ್ರುವರಿಯಲ್ಲಿ ಸೋನಿಯೇ ನಿಲ್ಲಿಸಿತು. ನಮ್ಮ ಊರಿನಲ್ಲಿ ಬ್ಲೂ-ರೇ ಯಂತ್ರ ಇದ್ದ ಮನೆಗಳನ್ನು ನಾನು ಒಂದು ಕೈಯ ಬೆರಳಲ್ಲಿ ಎಣಿಸುತ್ತೇನೆ. ನಾವು ವಿಸಿಡಿಯಿಂದ ಡಿವಿಡಿಗೆ, ಅಲ್ಲಿಂದ ಪೆನ್ ಡ್ರೈವಿಗೆ, ಅಲ್ಲಿಂದ ಮೊಬೈಲಿಗೆ ದಾಟಿದೆವು. ಪೆನ್ ಡ್ರೈವ್ ಬಂದಾಗ ಯಾರಿಗೂ ಏನೂ ವಿವರಿಸಬೇಕಾಗಲಿಲ್ಲ. ಜೇಬಿನಲ್ಲಿಟ್ಟುಕೊಂಡು ನೆರೆಮನೆಗೆ ಹೋಗಬಹುದಿತ್ತು, ಅಷ್ಟು ಸಾಕಾಯಿತು.

ಮಾತು ಮುಗಿಸಿದ ಮೇಲೆ ಕಾಲೇಜಿನ ಹುಡುಗಿಯೊಬ್ಬಳು ಎದ್ದು, ಈಗ ನಾವು ಪಾಸ್‌ವರ್ಡ್ ಎರವಲು ಕೊಡುತ್ತೇವೆ ಸರ್, ಅದೂ ಲೈನ್ ಮನೆಯ ಸಿ.ಡಿ.ಯೇ ಅಲ್ಲವೇ ಎಂದಳು. ಹೌದಮ್ಮ ಎಂದೆ. 2023ರ ಜುಲೈನಲ್ಲಿ ನೆಟ್‌ಫ್ಲಿಕ್ಸ್ ನಮ್ಮ ದೇಶದಲ್ಲೂ ಅದನ್ನು ತಡೆಯಲು ಶುರುಮಾಡಿತು, ಒಂದು ಮನೆಯವರಿಗೆ ಮಾತ್ರ ಎಂದಿತು. ಡಿವ್‌ಎಕ್ಸ್‌ನವರು ಬೇಗ ಹುಟ್ಟಿ ಸತ್ತರು ಎನ್ನಬೇಕು. ಈ ಸಲ ಕಂಪನಿ ಮುಚ್ಚಲಿಲ್ಲ ಎಂದು ಅವಳೇ ನೆನಪಿಸಿದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಚಹಾ ಕುಡಿಯುವಾಗ ನಿವೃತ್ತ ಮೇಷ್ಟ್ರೊಬ್ಬರು ಹತ್ತಿರ ಬಂದರು. ಮೇಜಿನ ಮೇಲಿನ ಕೆಂಪು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇಂಥವು ನಮ್ಮ ಮನೆಯಲ್ಲಿ ಮೂರಿವೆ. ಮಗ ಬಿಟ್ಟುಹೋದದ್ದು. ಡಿವಿಡಿ ಯಂತ್ರಕ್ಕೆ ಹಾಕಿದರೆ ಡಿಸ್ಕ್ ಇಲ್ಲ ಎನ್ನುತ್ತದೆ. ಕೆಟ್ಟುಹೋಗಿವೆ ಎಂದುಕೊಂಡು ಹದಿನೈದು ವರ್ಷದಿಂದ ಅಟ್ಟದ ಮೇಲೆ ಇಟ್ಟಿದ್ದೇನೆ."

"ಕೆಟ್ಟಿಲ್ಲ ಮೇಷ್ಟ್ರೇ. ಈ ಯಂತ್ರದಲ್ಲಿ ಓಡುತ್ತವೆ."

ಅವರು ಸ್ವಲ್ಪ ಹೊತ್ತು ಯಂತ್ರವನ್ನೇ ನೋಡಿದರು.

"ಎರಡು ದಿನಕ್ಕೆ ಕೊಡುತ್ತೀರಾ?"

ಟ್ರಾನ್ಸ್‌ಫಾರ್ಮರನ್ನೂ ಒಯ್ಯಿರಿ, ನೇರ ಪ್ಲಗ್ಗಿಗೆ ಮಾತ್ರ ಹಾಕಬೇಡಿ ಎಂದು ಹೇಳಿ ಎರಡನ್ನೂ ಒಂದು ಚೀಲಕ್ಕೆ ತುಂಬಿಸಿದೆ. ಅವರು ಪರ್ಸ್ ತೆಗೆದು, ಮುಂಗಡ ಎಷ್ಟು ಎಂದು ಕೇಳಿದರು.